ಸಾವಿರ ಹುಣ್ಣಿಮೆಯ ಲೆಕ್ಕ

ಮನೆಯ ಹಿರಿಯರು ಎಂಬತ್ತು ದಾಟಿದರೆ ನಮ್ಮಲ್ಲಿ ಸಹಸ್ರಚಂದ್ರ ದರ್ಶನ ಶಾಂತಿ ಮಾಡಿಸುವುದುಂಟು. ಸಾವಿರ ಹುಣ್ಣಿಮೆ ಕಂಡ ಜೀವ ಎಂಬ ಗೌರವ ಅದು. ಆ ಸಾವಿರ ಸುಮ್ಮನೆ ಬಾಯಿಗೆ ಬಂದ ಸಂಖ್ಯೆಯಲ್ಲ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಸಾವಿರ ಹುಣ್ಣಿಮೆಗೆ 29,530 ದಿನ, ಹೆಚ್ಚುಕಡಿಮೆ 80 ವರ್ಷ 10 ತಿಂಗಳು.

ಇದೇ ಲೆಕ್ಕದಲ್ಲಿ ದೇಶದ ಆಯುಸ್ಸನ್ನು ಎಣಿಸಿ ನೋಡಿ. 1911ರಿಂದ 1921ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ನಿರೀಕ್ಷಿತ ಆಯುಸ್ಸು ಸುಮಾರು 20 ವರ್ಷ. 250 ಹುಣ್ಣಿಮೆಯೂ ಇಲ್ಲ. 1918ರ ಇನ್‌ಫ್ಲುಯೆಂಜಾ ಈ ದೇಶವೊಂದರಲ್ಲೇ ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದ ದಶಕ ಅದು. 1921ರ ಜನಗಣತಿಯಲ್ಲಿ ಜನಸಂಖ್ಯೆ ಹಿಂದಿನ ಸಲಕ್ಕಿಂತ ಕಡಿಮೆ ಬಂತು. 1951ರ ಹೊತ್ತಿಗೆ ಆಯುಸ್ಸು 32 ವರ್ಷವಾಯಿತು, 396 ಹುಣ್ಣಿಮೆ. 2016–20ರ ಅಂದಾಜಿನಲ್ಲಿ 70 ವರ್ಷ, 866 ಹುಣ್ಣಿಮೆ. 1951ರಿಂದ ಈಚೆಗೆ ಸುಮಾರು 70 ವರ್ಷಗಳಲ್ಲಿ 38 ವರ್ಷ ಕೂಡಿತು. ಭಾಗಿಸಿದರೆ ದಿನಕ್ಕೆ 13 ಗಂಟೆ. ಎರಡು ತಲೆಮಾರುಗಳ ಕಾಲ, ಒಂದೊಂದು ದಿನ ಕಳೆದಾಗಲೂ ಈ ದೇಶದಲ್ಲಿ ಹುಟ್ಟುವ ಮಗುವಿನ ಆಯುಸ್ಸಿಗೆ ಅರ್ಧ ದಿನಕ್ಕಿಂತ ಹೆಚ್ಚು ಸೇರುತ್ತಾ ಬಂದಿದೆ.

ಚರಕಸಂಹಿತೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಯುಗದ ನೂರನೇ ಒಂದು ಪಾಲು ಕಳೆದಾಗಲೆಲ್ಲ ಮನುಷ್ಯನ ಆಯುಸ್ಸಿನಲ್ಲಿ ಒಂದು ವರ್ಷ ಕಳೆಯುತ್ತದೆ, ಈ ಕಾಲಕ್ಕೆ ಉಳಿದಿರುವುದು ನೂರು ವರ್ಷ ಎನ್ನುತ್ತದೆ ಆ ಗ್ರಂಥ. ಆಯುಸ್ಸು ಇಳಿಯುತ್ತಿದೆ ಎಂಬ ಮಾತನ್ನು ಇಂದಿನ ಅಂಕಿ ಅಂಶ ಒಪ್ಪುವುದಿಲ್ಲ. ಆದರೆ ‘ನೂರು’ ಎಂಬ ಮಾತು? ಸರಾಸರಿ ಇಪ್ಪತ್ತು ಮೂವತ್ತರ ಆಸುಪಾಸಿನಲ್ಲಿದ್ದ ಪ್ರಪಂಚದಲ್ಲಿ ಕುಳಿತ ವೈದ್ಯರು ಅಷ್ಟು ಧೈರ್ಯವಾಗಿ ನೂರು ಎಂದು ಹೇಗೆ ಬರೆದರು?

ಮೇಲಿನ ಮಿತಿ

ಸರಾಸರಿ ಎಂಬುದು ಎಲ್ಲರೂ ಸಾಯುವ ವಯಸ್ಸಲ್ಲ. ಇಬ್ಬರು ಮಕ್ಕಳಲ್ಲಿ ಒಂದು ಹೆರಿಗೆಮನೆಯಲ್ಲೇ ತೀರಿಕೊಂಡು ಇನ್ನೊಂದು 70 ವರ್ಷ ಬಾಳಿದರೆ ಸರಾಸರಿ 35. ಶತಮಾನದ ಹಿಂದೆ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಆ ಗಂಡಾಂತರಗಳನ್ನು ದಾಟಿದ ಕೆಲವರು ತೊಂಬತ್ತನ್ನೂ ದಾಟುತ್ತಿದ್ದರು. ಹಳೆಯ ವೈದ್ಯರ ಕಣ್ಣು ಇದ್ದದ್ದು ಅವರ ಮೇಲೆ: ಅಡ್ಡಿಯಿಲ್ಲದೆ ಸಾಗಿದರೆ ಈ ಶರೀರ ಎಷ್ಟು ದೂರ ಹೋಗಬಲ್ಲದು?

ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳು ಹತ್ತಿರಹತ್ತಿರ ಇವೆ. ಚರಕದಲ್ಲಿ ನೂರು. ವೈದ್ಯನಲ್ಲದ ಜ್ಯೋತಿಷಿ ವರಾಹಮಿಹಿರನ ಬೃಹಜ್ಜಾತಕದಲ್ಲೂ ಮನುಷ್ಯನ ಪರಮಾಯುಸ್ಸು 120 ವರ್ಷ ಮತ್ತು ಐದು ರಾತ್ರಿ. ಶಾರ್ಙ್ಗಧರ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹತ್ತು ಹತ್ತು ವರ್ಷಕ್ಕೆ ಏನೇನು ಕಳೆಯುತ್ತದೆ ಎಂದು ಪಟ್ಟಿ ಮಾಡುತ್ತದೆ. ಮೊದಲ ದಶಕ ಮುಗಿದಾಗ ಬಾಲ್ಯ, ಎರಡನೆಯದಕ್ಕೆ ಬೆಳವಣಿಗೆ, ಮೂರನೆಯದಕ್ಕೆ ಮೈಕಾಂತಿ, ನಾಲ್ಕಕ್ಕೆ ಗ್ರಹಣಶಕ್ತಿ, ಐದಕ್ಕೆ ಚರ್ಮದ ಬಿಗಿ, ಆರಕ್ಕೆ ದೃಷ್ಟಿ, ಏಳಕ್ಕೆ ವೀರ್ಯ, ಎಂಟಕ್ಕೆ ಪರಾಕ್ರಮ, ಒಂಬತ್ತಕ್ಕೆ ಬುದ್ಧಿ, ಹತ್ತಕ್ಕೆ ಕೈಕಾಲುಗಳ ಕಸುವು, ಹನ್ನೊಂದಕ್ಕೆ ಚಿತ್ತ, ಹನ್ನೆರಡಕ್ಕೆ ಜೀವ. ಹನ್ನೆರಡು ದಶಕ, 120 ವರ್ಷ.

ಈಗ ದಾಖಲೆಯತ್ತ ಬನ್ನಿ. ದಾಖಲೆ ಪರಿಶೀಲಿಸಿ ಒಪ್ಪಿರುವ ಆಯುಸ್ಸುಗಳಲ್ಲಿ ಅತಿ ದೊಡ್ಡದು ಫ್ರಾನ್ಸಿನ ಆರ್ಲ್ ಊರಿನ ಜಾನ್ ಕಾಲ್ಮಾ ಎಂಬಾಕೆಯದು. ಹುಟ್ಟಿದ್ದು 1875ರ ಫೆಬ್ರವರಿ 21ರಂದು, ತೀರಿಕೊಂಡದ್ದು 1997ರ ಆಗಸ್ಟ್ 4ರಂದು. 122 ವರ್ಷ 164 ದಿನ, 1,514 ಹುಣ್ಣಿಮೆ. ಮನುಷ್ಯಕುಲ ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಸುಮಾರು 11,700 ಕೋಟಿ ಜನ ಹುಟ್ಟಿದ್ದಾರೆ ಎಂಬ ಅಂದಾಜಿದೆ. 120 ದಾಟಿದ್ದಕ್ಕೆ ಖಾತ್ರಿಯಾದ ದಾಖಲೆ ಇರುವುದು ಈ ಒಬ್ಬಾಕೆಗೆ ಮಾತ್ರ. ಪ್ರಯೋಗಾಲಯವಿಲ್ಲ, ಜನನ ಮರಣ ನೋಂದಣಿಯಿಲ್ಲ; ಬರಿಯ ಕಣ್ಣಳತೆಯಲ್ಲಿ ಹಾಕಿದ ಮಿತಿ ಇಷ್ಟು ಹತ್ತಿರ ಬಂದು ನಿಂತಿದೆ.

ಈ ಮಿತಿ ಯಾಕಿದೆ ಎಂಬುದಕ್ಕೆ ಗಣಿತದ ದಾರಿ ಹಾಕಿಕೊಟ್ಟವನು ಲಂಡನ್ನಿನ ಬೆಂಜಮಿನ್ ಗೊಂಪರ್ಟ್ಜ್. ವಿಮೆಯ ಲೆಕ್ಕ ಹಾಕುತ್ತಿದ್ದ ಆತ, ವಯಸ್ಸು ಏರಿದ ಹಾಗೆ ಸಾವಿನ ಸಂಭವ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ ಎಂದು 1825ರಲ್ಲಿ ತೋರಿಸಿಕೊಟ್ಟ. ಇಂದಿನ ಲೆಕ್ಕದಲ್ಲಿ ಅದು ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂವತ್ತರಲ್ಲಿ ವರ್ಷಕ್ಕೆ ಸಾವಿರದಲ್ಲಿ ಒಬ್ಬರು ಸಾಯುತ್ತಾರೆ ಎಂದಿಟ್ಟುಕೊಳ್ಳಿ. 38ಕ್ಕೆ ಇಬ್ಬರು, 46ಕ್ಕೆ ನಾಲ್ವರು, 54ಕ್ಕೆ ಎಂಟು, 62ಕ್ಕೆ ಹದಿನಾರು, 70ಕ್ಕೆ ಮೂವತ್ತೆರಡು, 78ಕ್ಕೆ ಅರವತ್ತನಾಲ್ಕು, 86ಕ್ಕೆ 128, 94ಕ್ಕೆ 256. ಆ ವಯಸ್ಸಿಗೆ ವರ್ಷವೊಂದರಲ್ಲಿ ನಾಲ್ವರಲ್ಲಿ ಒಬ್ಬರು ಇಲ್ಲವಾಗುತ್ತಾರೆ. 105 ದಾಟಿದ 3,836 ಇಟಲಿಯವರನ್ನು ಅಭ್ಯಾಸ ಮಾಡಿದವರು 2018ರಲ್ಲಿ ಕಂಡದ್ದು, ಅಲ್ಲಿಂದಾಚೆಗೆ ಈ ಏರಿಕೆ ನಿಂತು ಪ್ರತಿ ವರ್ಷ ಸುಮಾರು ಅರ್ಧದಷ್ಟು ಜನ ಕಡಿಮೆಯಾಗುತ್ತಾರೆ ಎಂದು. ಹಾಗಾದರೆ 105 ಮುಟ್ಟಿದವರು 120 ಮುಟ್ಟಬೇಕಾದರೆ ಹದಿನೈದು ಸಲ ಈ ಅರ್ಧದ ಜರಡಿಯಿಂದ ಪಾರಾಗಬೇಕು. 32,768 ಮಂದಿಯಲ್ಲಿ ಒಬ್ಬರು!

ಒಂದೊಂದು ಕಾಯಿಲೆಗೆ ಮದ್ದು ಕಂಡುಹಿಡಿದರೂ ಆಯುಸ್ಸು ಜಿಗಿಯದಿರುವುದಕ್ಕೆ ಇದೇ ಕಾರಣ. ಎಲ್ಲ ಬಗೆಯ ಕ್ಯಾನ್ಸರ್ ನಾಳೆಯೇ ಮಾಯವಾದರೆ ಅಮೆರಿಕದಂಥ ದೇಶದಲ್ಲಿ ಸರಾಸರಿ ಆಯುಸ್ಸು ಎಷ್ಟು ಏರಬಹುದು? ಮೂರು ವರ್ಷದ ಆಸುಪಾಸು. ಎಂಬತ್ತರ ಜೀವ ಕ್ಯಾನ್ಸರಿನಿಂದ ತಪ್ಪಿಸಿಕೊಂಡರೂ ಅಲ್ಲೇ ಪಕ್ಕದಲ್ಲಿ ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ ಕಾದಿರುತ್ತವೆ.

ಹತ್ತು ಸಾವಿರ ವರ್ಷದ ಕನಸು

ಮಿತಿಯನ್ನು ಬಲ್ಲವರೇ ಅದನ್ನು ಮೀರುವ ಕನಸನ್ನೂ ಕಂಡರು. ಆಯುರ್ವೇದದ ಎಂಟು ಅಂಗಗಳಲ್ಲಿ ಮುಪ್ಪನ್ನು ತಡೆಯುವುದಕ್ಕೆಂದೇ ಒಂದು ಅಂಗ ಮೀಸಲು: ರಸಾಯನ. ಚರಕಸಂಹಿತೆಯ 120 ಅಧ್ಯಾಯಗಳಲ್ಲಿ ಮೊದಲನೆಯದರ ಹೆಸರು ದೀರ್ಘಂಜೀವಿತೀಯ. ಚಿಕಿತ್ಸಾಸ್ಥಾನ ತೆರೆದುಕೊಳ್ಳುವುದೂ ರಸಾಯನದಿಂದ. ಸುಶ್ರುತಸಂಹಿತೆ 24 ಬಗೆಯ ಸೋಮವನ್ನು ಹೇಳಿ, ವಿಧಿಪ್ರಕಾರ ಸೇವಿಸಿದವನು ಹೊಸ ಶರೀರದಲ್ಲಿ ಹತ್ತು ಸಾವಿರ ವರ್ಷ ಇರುತ್ತಾನೆ ಎನ್ನುತ್ತದೆ. ಅದು 1,23,000ಕ್ಕೂ ಹೆಚ್ಚು ಹುಣ್ಣಿಮೆ. ಶುಕ್ಲಪಕ್ಷದಲ್ಲಿ ದಿನಕ್ಕೊಂದು ಎಲೆ ಚಿಗುರಿ ಕೃಷ್ಣಪಕ್ಷದಲ್ಲಿ ದಿನಕ್ಕೊಂದು ಉದುರುವ ಹದಿನೈದೆಲೆಯ ಆ ಗಿಡ ಇಂದು ಯಾರ ಕೈಗೂ ಸಿಕ್ಕಿಲ್ಲ.

ಸಿಗುವಂಥದ್ದು ಚ್ಯವನಪ್ರಾಶ. ಮುದುಕನಾಗಿದ್ದ ಚ್ಯವನ ಋಷಿ ಇದನ್ನು ತಿಂದು ಯುವಕನಾದನೆಂಬ ಕಥೆಯ ಜೊತೆಗೆ ಚರಕ ಕೊಡುವ ಪಾಕವಿಧಾನವನ್ನು ಇಂದಿನ ತೂಕಕ್ಕೆ ಇಳಿಸಿ ನೋಡುವುದು ಒಳ್ಳೆಯ ಅನುಭವ. ಒಂದು ಪಲವೆಂದರೆ ಸುಮಾರು 48 ಗ್ರಾಂ. ಎಣಿಸಿ 500 ನೆಲ್ಲಿಕಾಯಿ. ದಶಮೂಲ ಮೊದಲಾದ ಹತ್ತಾರು ಬೇರು ನಾರುಗಳ ಜೊತೆ ಅವನ್ನು ಬೇಯಿಸಿ, ಬೀಜ ತೆಗೆದು, ಹಿಸುಕಿದ ತಿರುಳನ್ನು 12 ಪಲ, ಅಂದರೆ 576 ಗ್ರಾಂ ತುಪ್ಪ ಮತ್ತು ಎಳ್ಳೆಣ್ಣೆಯಲ್ಲಿ ಹುರಿಯಬೇಕು. 50 ಪಲ ಸಕ್ಕರೆ, 2.4 ಕಿಲೋ ಆಯಿತು. ಆರಿದ ಮೇಲೆ, ಆರಿದ ಮೇಲೆಯೇ, 6 ಪಲ ಜೇನು. ಕೊನೆಗೆ ಸುಮಾರು 190 ಗ್ರಾಂ ತುಗಾಕ್ಷೀರಿ, 96 ಗ್ರಾಂ ಹಿಪ್ಪಲಿ, ಮೇಲೆ ಏಲಕ್ಕಿ, ದಾಲ್ಚಿನ್ನಿ, ಪತ್ರೆ, ನಾಗಕೇಸರ. ಅಳತೆ, ಕ್ರಮ, ಹದ ಎಲ್ಲವನ್ನೂ ಬರೆದಿಟ್ಟ ಈ ಲೇಹ್ಯ ಎರಡು ಸಾವಿರ ವರ್ಷದಷ್ಟು ಹಳೆಯದು. ಇಂದಿಗೂ ಅಂಗಡಿಯ ಶೆಲ್ಫಿನಲ್ಲಿದೆ. ಪುಷ್ಟಿಕರವಾದ ತಿನಿಸು, ಸಂಶಯವಿಲ್ಲ. ಆದರೆ ಅದು ಮನುಷ್ಯನ ಆಯುಸ್ಸನ್ನು ಹೆಚ್ಚಿಸಿತೆಂದು ತೋರಿಸಿಕೊಟ್ಟ ಪರೀಕ್ಷೆ ಇಲ್ಲ.

ಕುಟಿಯೊಳಗೆ ಸೇರಿ ಹೊರಗಿನ ಗಾಳಿ ಬೆಳಕು ತಾಗದಂತೆ ಇದ್ದು ಮಾಡುವ ಕಾಯಕಲ್ಪ 1938ರಲ್ಲಿ ದೇಶದ ತುಂಬ ಮಾತಾಯಿತು. ಮದನಮೋಹನ ಮಾಳವೀಯರು 76ನೆಯ ವಯಸ್ಸಿನಲ್ಲಿ ತಪಸಿ ಬಾಬಾ ಎಂಬವರ ಕೈಯಲ್ಲಿ ಅದನ್ನು ಮಾಡಿಸಿಕೊಂಡರು. ಅವರು ತೀರಿಕೊಂಡದ್ದು 1946ರಲ್ಲಿ, 84ನೆಯ ವಯಸ್ಸಿನಲ್ಲಿ. ಸಾವಿರ ಹುಣ್ಣಿಮೆ ದಾಟಿದ ತುಂಬು ಜೀವನ. ಆದರೆ ಮಿತಿಯ ಒಳಗೇ.

ಇಲ್ಲಿ ಒಂದು ಎಚ್ಚರಿಕೆಯ ಅಂಕಿಯನ್ನೂ ಹೇಳಲೇಬೇಕು. ಇಂಟರ್‌ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಐದರಲ್ಲಿ ಒಂದರಷ್ಟು ಔಷಧಿಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಆಯುಸ್ಸಿಗೆಂದು ತಿಂದದ್ದು ಮೂತ್ರಪಿಂಡಕ್ಕೆ ಮುಳುವಾಗಬಾರದು. ಯಾರು ಮಾಡಿದ್ದು, ಏನು ಹಾಕಿದ್ದು ಎಂದು ಕೇಳದೆ ಯಾವ ಭಸ್ಮವನ್ನೂ ಬಾಯಿಗೆ ಹಾಕಿಕೊಳ್ಳಬಾರದು.

ಗಾಡಿಯ ಅಚ್ಚು

ಮದ್ದಿನ ಮಾತಿಗಿಂತ ದೊಡ್ಡ ಮಾತು ಚರಕದ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿದೆ. ಜಾಗ ಪಾಂಚಾಲದ ಕಾಂಪಿಲ್ಯ, ಬೇಸಿಗೆಯ ಕೊನೆ. ಗಂಗೆಯ ದಡದಲ್ಲಿ ನಡೆಯುತ್ತಾ ಪುನರ್ವಸು ಆತ್ರೇಯ ಶಿಷ್ಯ ಅಗ್ನಿವೇಶನಿಗೆ ಹೇಳುತ್ತಾನೆ: ಭೂಮಿಯ ಸತ್ವ ಕೆಡುವ ಮೊದಲೇ ಔಷಧಿಗಳನ್ನು ಕಿತ್ತಿಡು, ಊರಿಗೆ ಊರೇ ನಾಶವಾಗುವ ಕಾಲ ಬರುತ್ತಿದೆ. ಬೇರೆ ಬೇರೆ ಆಹಾರ, ಬೇರೆ ಬೇರೆ ಪ್ರಕೃತಿಯ ಜನ ಒಂದೇ ಹೊತ್ತಿಗೆ ಒಂದೇ ರೋಗದಿಂದ ಸಾಯುವುದು ಹೇಗೆ ಎಂಬ ಶಿಷ್ಯನ ಪ್ರಶ್ನೆಗೆ ಗುರುವಿನ ಉತ್ತರ ನಾಲ್ಕು: ಗಾಳಿ, ನೀರು, ನೆಲ, ಕಾಲ. ಎಲ್ಲರಿಗೂ ಸಮಾನವಾದ ಇವು ಕೆಟ್ಟರೆ ಎಲ್ಲರೂ ಕೆಡುತ್ತಾರೆ.

ಅದೇ ಅಧ್ಯಾಯದಲ್ಲಿ ಅಗ್ನಿವೇಶ ಇನ್ನೊಂದು ಪ್ರಶ್ನೆ ಎತ್ತುತ್ತಾನೆ. ಆಯುಸ್ಸು ಮೊದಲೇ ನಿಗದಿಯಾದದ್ದೇ? ಆತ್ರೇಯ ಗಾಡಿಯ ಅಚ್ಚನ್ನು ತೋರಿಸುತ್ತಾನೆ. ಒಳ್ಳೆಯ ಅಚ್ಚು ಸರಿಯಾಗಿ ಓಡಿದರೆ ತನ್ನ ಕಾಲ ಮುಗಿದ ಮೇಲೆ ಸವೆದು ನಿಲ್ಲುತ್ತದೆ, ಅದು ಕಾಲಮೃತ್ಯು. ಭಾರ ಹೆಚ್ಚಾದರೆ, ದಾರಿ ಹಾಳಾಗಿದ್ದರೆ, ಎಣ್ಣೆ ಕಾಣದಿದ್ದರೆ ಅದೇ ಅಚ್ಚು ನಡುದಾರಿಯಲ್ಲಿ ಮುರಿಯುತ್ತದೆ, ಅದು ಅಕಾಲಮೃತ್ಯು. ಆಧುನಿಕ ವೈದ್ಯಕೀಯದ ಇನ್ನೂರು ವರ್ಷದ ಸಾಧನೆಯನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ಅಚ್ಚಿನ ಆಯುಸ್ಸು ಹೆಚ್ಚಲಿಲ್ಲ. ಸರಿಯಾದದ್ದು ದಾರಿ.

ಸಿಡುಬನ್ನೇ ತೆಗೆದುಕೊಳ್ಳಿ. ಇಪ್ಪತ್ತನೆಯ ಶತಮಾನ ಒಂದರಲ್ಲೇ ಅದು ಕೊಂದದ್ದು ಸುಮಾರು 30 ಕೋಟಿ ಜನರನ್ನು. ಭಾರತದಲ್ಲಿ ಮೊದಲ ಲಸಿಕೆ 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆ್ಯನಾ ಡಸ್ಟ್‌ಹಾಲ್ ಎಂಬ ಹುಡುಗಿಗೆ. ಕೆಲವೇ ವರ್ಷಗಳಲ್ಲಿ ಮೈಸೂರು ರಾಜಮನೆತನದ ಹೆಂಗಸರು ಜನರ ಹೆದರಿಕೆ ಬಿಡಿಸಲು ನೆರವಾದರು. 1975ರಲ್ಲಿ ದೇಶದ ಕೊನೆಯ ಪ್ರಕರಣ, 1980ರಲ್ಲಿ ಜಗತ್ತಿನಿಂದಲೇ ಮುಕ್ತಿ. ಐವತ್ತು ದಾಟಿದವರ ತೋಳಿನಲ್ಲಿ ಇಂದಿಗೂ ಇರುವ ದಾಕಿನ ಕಲೆ ಆ ಯುದ್ಧದ ಗುರುತು.

ಇನ್ನೊಂದು ಅದ್ಭುತ ಹತ್ತು ಇಪ್ಪತ್ತು ರೂಪಾಯಿಗೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಓಆರ್‌ಎಸ್ ಪೊಟ್ಟಣ ಹರಿದು ನೋಡಿ: 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸೋಡಿಯಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್. ಒಟ್ಟು 20.5 ಗ್ರಾಂ ಬಿಳಿ ಪುಡಿ, ಒಂದು ಲೀಟರ್ ನೀರಿಗೆ. ಕಾಲರಾ ಬಂದ ಕರುಳು ಬರಿಯ ನೀರನ್ನು ಹೀರಿಕೊಳ್ಳಲಾರದು. ಗ್ಲೂಕೋಸ್ ಜೊತೆಗಿದ್ದರೆ ಉಪ್ಪು ಒಳಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಈ ದ್ರಾವಣ ಜಗತ್ತಿನಲ್ಲಿ ಉಳಿಸಿದ ಜೀವ ಐದು ಕೋಟಿಗೂ ಹೆಚ್ಚು ಎಂಬ ಅಂದಾಜಿದೆ. ಐನೂರು ನೆಲ್ಲಿಕಾಯಿಯ ಲೇಹ್ಯ ಭರವಸೆ ಕೊಟ್ಟದ್ದನ್ನು ಇಪ್ಪತ್ತು ಗ್ರಾಂ ಪುಡಿ ಮಾಡಿ ತೋರಿಸಿತು.

1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು, 2020ರಲ್ಲಿ 28. ದಿನಕ್ಕೆ ಕೂಡಿದ ಆ 13 ಗಂಟೆಯ ದೊಡ್ಡ ಪಾಲು ಬಂದದ್ದು ಇಲ್ಲಿಂದ, ತೊಟ್ಟಿಲಿನಿಂದ.

ದಾರಿ ಸರಿಯಾದರೆ ಎಷ್ಟು ಅಚ್ಚುಗಳು ಕೊನೆಯವರೆಗೆ ಹೋಗಬಲ್ಲವು ಎಂಬುದಕ್ಕೆ ಜಪಾನ್ ಸಾಕ್ಷಿ. 1963ರಲ್ಲಿ ಅಲ್ಲಿ ನೂರು ದಾಟಿದವರನ್ನು ಎಣಿಸಿದಾಗ ಇದ್ದದ್ದು 153 ಮಂದಿ. ಸರಕಾರ ಒಬ್ಬೊಬ್ಬರಿಗೂ ಒಂದು ಬೆಳ್ಳಿ ಬಟ್ಟಲು ಕೊಟ್ಟು ಗೌರವಿಸತೊಡಗಿತು. 2025ರಲ್ಲಿ ಆ ಸಂಖ್ಯೆ 99,763, ಅವರಲ್ಲಿ ನೂರಕ್ಕೆ 88 ಮಂದಿ ಹೆಂಗಸರು. ಅರವತ್ತೆರಡು ವರ್ಷದಲ್ಲಿ 652 ಪಟ್ಟು. ಬೆಳ್ಳಿಯ ಖರ್ಚು ತಾಳಲಾರದೆ 2016ರಿಂದ ಬೆಳ್ಳಿ ಲೇಪದ ಬಟ್ಟಲು ಕೊಡುತ್ತಿದ್ದಾರೆ.

ನೂರು ಯೋಜನ ನಡಿಗೆ

ಆದರೆ ಚರಕ ಬರಿಯ ಉದ್ದವನ್ನು ಅಳೆದವನಲ್ಲ. ಸುಖಾಯು, ದುಃಖಾಯು, ಹಿತಾಯು, ಅಹಿತಾಯು ಎಂದು ಆಯುಸ್ಸನ್ನು ನಾಲ್ಕು ಬಗೆ ಮಾಡಿದವನು. ಈ ವಿಂಗಡಣೆ ಇಂದು ನಮಗೆ ತುಂಬ ಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಲ್ಲಿ ಭಾರತೀಯರ ನಿರೀಕ್ಷಿತ ಆಯುಸ್ಸು 70.8 ವರ್ಷ; ಅದರಲ್ಲಿ ಆರೋಗ್ಯದಿಂದ ಇರುವುದು 60.3 ವರ್ಷ. ಉಳಿದ ಹತ್ತೂವರೆ ವರ್ಷ ಗುಳಿಗೆ, ಮಂಡಿನೋವು, ಡಯಾಲಿಸಿಸ್, ಹಾಸಿಗೆ. 130 ಹುಣ್ಣಿಮೆಯ ದುಃಖಾಯು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 31.5 ಕೋಟಿ ಜನರಿಗೆ ಬಿಪಿ.

ಸಕ್ಕರೆ ಕಾಯಿಲೆಯ ಬಡರೋಗಿಗೆ ಸುಶ್ರುತ ಹೇಳಿದ ಚಿಕಿತ್ಸೆ ಇದು: ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷೆಯ ಅನ್ನ ಉಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತಾ, ಮುನಿಯ ಹಾಗೆ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ನಡೆಯಲಿ, ಇಲ್ಲವೇ ಬಾವಿ ತೋಡಲಿ. ಯೋಜನವನ್ನು 12 ಕಿಲೋಮೀಟರ್ ಎಂದು ಹಿಡಿದರೂ 1,200 ಕಿಲೋಮೀಟರ್. ಈಗ 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ನೋಡಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಜನ. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ. ಇನ್ನೊಂದು ಗುಂಪಿಗೆ ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ, ಮಿತ ಆಹಾರ, ತೂಕ ಇಳಿಸುವುದು. ಮಾತ್ರೆಯಿಂದ ಕಾಯಿಲೆ ನೂರಕ್ಕೆ 31ರಷ್ಟು ತಗ್ಗಿತು, ನಡಿಗೆ ಮತ್ತು ಪಥ್ಯದಿಂದ 58ರಷ್ಟು. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ವಾರಕ್ಕೆ 150 ನಿಮಿಷವೆಂದರೆ ಹನ್ನೆರಡೂವರೆ ಕಿಲೋಮೀಟರ್. ಸುಶ್ರುತನ ನೂರು ಯೋಜನ ಎರಡು ವರ್ಷದೊಳಗೆ ಮುಗಿಯುತ್ತದೆ. ಬರಿಗಾಲು ಮಾತ್ರ ಬೇಡ. ಸಕ್ಕರೆ ಕಾಯಿಲೆಯವರ ಕಾಲಿನ ಸಣ್ಣ ಗಾಯವೂ ಅಪಾಯ ಎಂಬುದು ಇಂದಿನ ವೈದ್ಯರ ಅನುಭವ.

ರಸಾಯನದ ಅಧ್ಯಾಯದ ಕೊನೆಯಲ್ಲಿ ಚರಕ ಮದ್ದೇ ಇಲ್ಲದ ರಸಾಯನವೊಂದನ್ನು ಹೇಳುತ್ತಾನೆ. ಆಚಾರ ರಸಾಯನ: ಸತ್ಯ ನುಡಿ, ಸಿಟ್ಟು ಬಿಡು, ಹೆಂಡ ಮುಟ್ಟಬೇಡ, ಮೈಗೆ ಅತಿ ಆಯಾಸ ಬೇಡ, ನಿದ್ದೆ ಎಚ್ಚರ ಸಮವಾಗಿರಲಿ. 1965ರಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಲೆಸ್ಟರ್ ಬ್ರೆಸ್ಲೊ ಮತ್ತು ಸಂಗಡಿಗರು 6,928 ಜನರ ಏಳು ಅಭ್ಯಾಸಗಳನ್ನು ಬರೆದುಕೊಂಡರು: ಏಳೆಂಟು ಗಂಟೆ ನಿದ್ದೆ, ವ್ಯಾಯಾಮ, ಧೂಮಪಾನ ಇಲ್ಲದಿರುವುದು, ಕುಡಿತದಲ್ಲಿ ಮಿತಿ, ಹದವಾದ ತೂಕ, ಬೆಳಗಿನ ತಿಂಡಿ, ನಡುನಡುವೆ ಕುರುಕದಿರುವುದು. ಆರೇಳು ಅಭ್ಯಾಸವಿದ್ದ 45ರ ಗಂಡಸು, ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದವನಿಗಿಂತ 11 ವರ್ಷ ಹೆಚ್ಚು ಬಾಳುತ್ತಾನೆಂಬ ಲೆಕ್ಕ ಬಂತು. ಬ್ರಿಟನ್ನಿನ 34,439 ಗಂಡು ವೈದ್ಯರನ್ನು 1951ರಿಂದ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ತಂಡ ಕಂಡದ್ದು: ಸಿಗರೇಟು ಹತ್ತು ವರ್ಷ ಕಸಿಯುತ್ತದೆ, ಮೂವತ್ತರಲ್ಲಿ ಬಿಟ್ಟರೆ ಬಹುಪಾಲು ಹತ್ತೂ ವಾಪಸ್, ನಲವತ್ತರಲ್ಲಿ ಬಿಟ್ಟರೆ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟರೂ ಮೂರು. ಕ್ಯಾನ್ಸರನ್ನೆಲ್ಲ ಅಳಿಸಿದರೂ ಒಂದು ದೇಶಕ್ಕೆ ಸಿಗುವಷ್ಟು ವರ್ಷ, ಅರವತ್ತರಲ್ಲಿ ಸಿಗರೇಟು ಬಿಟ್ಟ ಒಬ್ಬ ಮನುಷ್ಯನಿಗೆ ಸಿಗುತ್ತದೆ.

ಎರಡು ವೈದ್ಯಗಳ ನಡುವೆ ಯಾವುದು ಮೇಲು ಎಂದು ನಮ್ಮಲ್ಲಿ ಜಗಳ ನಡೆಯುತ್ತಲೇ ಇದೆ. ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ಆ ಜಗಳ ಸಣ್ಣದಾಗಿ ಕಾಣುತ್ತದೆ. ಮೇಲಿನ ಮಿತಿಯನ್ನು ಹಳಬರು ಸರಿಯಾಗಿ ಕಂಡರು. ಹೇಗೆ ಬಾಳಬೇಕೆಂಬ ಅವರ ಮಾತನ್ನು ಸಾವಿರಾರು ಜನರ ಮೇಲಿನ ಇಂದಿನ ಅಧ್ಯಯನಗಳು ಬಹುಮಟ್ಟಿಗೆ ಎತ್ತಿಹಿಡಿದಿವೆ. ಮಿತಿಯವರೆಗೆ ಹೋಗುವ ದಾರಿಯನ್ನು ಕೋಟಿ ಕೋಟಿ ಜನರಿಗೆ ತೆರೆದದ್ದು ಲಸಿಕೆ, ಶುದ್ಧ ನೀರು, ಉಪ್ಪು ಸಕ್ಕರೆಯ ದ್ರಾವಣ, ಸುರಕ್ಷಿತ ಹೆರಿಗೆ.

ಆ ದಾರಿ ಎಲ್ಲರ ಮನೆ ಬಾಗಿಲಿಗೆ ಇನ್ನೂ ಬಂದಿಲ್ಲ. 2016–20ರ ಅಂದಾಜಿನಲ್ಲಿ ಕೇರಳದಲ್ಲಿ ಹುಟ್ಟಿದ ಮಗುವಿಗೆ 75 ವರ್ಷ, ಛತ್ತೀಸಗಢದಲ್ಲಿ ಹುಟ್ಟಿದ ಮಗುವಿಗೆ 65.1. ಒಂದೇ ದೇಶ, ಹತ್ತು ವರ್ಷದ ಅಂತರ. ಯಾವ ಲೇಹ್ಯವೂ, ಯಾವ ಹೊಸ ಮಾತ್ರೆಯೂ ಆರೋಗ್ಯವಂತ ಮನುಷ್ಯನೊಬ್ಬನಿಗೆ ಹತ್ತು ವರ್ಷ ಸೇರಿಸಿದ್ದನ್ನು ಇವತ್ತಿನವರೆಗೆ ಯಾರೂ ತೋರಿಸಿಕೊಟ್ಟಿಲ್ಲ. ಒಂದು ರಾಜ್ಯಕ್ಕೆ ಸಾಧ್ಯವಾದದ್ದನ್ನು ಇನ್ನೊಂದು ರಾಜ್ಯಕ್ಕೆ ಮುಟ್ಟಿಸಿದರೆ ಕೋಟಿಗಟ್ಟಲೆ ಜನರಿಗೆ ಅದು ಸಿಗುತ್ತದೆ. ದೀರ್ಘಾಯುಸ್ಸಿನ ರಹಸ್ಯವನ್ನು ಹುಡುಕುವ ಹಣ, ಬುದ್ಧಿ, ಉತ್ಸಾಹಗಳಲ್ಲಿ ಮೊದಲ ಪಾಲು ಊರಿನ ನೀರಿನ ಟ್ಯಾಂಕಿಗೆ, ಆಶಾ ಕಾರ್ಯಕರ್ತೆಯ ಸಂಬಳಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಕಪಾಟಿಗೆ ಹೋಗಬೇಕು.